ಇಬ್ಬನಿ ಕಾಲದ ಹಗುರ ಹೆಣಿಗೆ

ಭೂಮಿ ಹುಣ್ಣಿಮೆಯ ದಿನ ಶಿಕಾರಿಪುರ, ಸೊರಬದ ಸೀಮೆಯಲ್ಲಿ ಬೆಳಕು ಹರಿಯುವ ಮೊದಲೇ ಹಳ್ಳಿಗಳು ಎದ್ದಿರುತ್ತವೆ. ರಾತ್ರಿಯಿಡೀ ಒಲೆಯ ಮೇಲೆ ಬೆಂದ ಅಡುಗೆ, ಹತ್ತಾರು ಬಗೆಯ ಸೊಪ್ಪು ಕೂಡಿಸಿ ಮಾಡಿದ ಚರಗ, ಎಲ್ಲವೂ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಹೊರಡುತ್ತವೆ. ಗದ್ದೆಯಲ್ಲಿ ಭತ್ತ ಹೊಡೆಯಾಗಿದೆ. ಬಸುರಿಯಾದ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬವಿದು. ಬದುವಿನ ಮೇಲೆ ದೊಡ್ಡವರ ಹಿಂದೆ ಓಡುವ ಮಕ್ಕಳ ಕಾಲು ಇಬ್ಬನಿಯಲ್ಲಿ ನೆನೆಯುತ್ತದೆ. ಮೈಮೇಲೆ ಒಂದು ತೆಳು ಸ್ವೆಟರ್. ಆ ಹೊತ್ತಿಗೆ ಕಂಬಳಿ ಭಾರ, ಬರೀ ಅಂಗಿ ಸಾಲದು. ಹತ್ತು ಗಂಟೆಗೆ ಬಿಸಿಲು ಚುರುಗುಟ್ಟಿದೊಡನೆ ಸ್ವೆಟರ್ ಕಳಚಿ ಅಮ್ಮನ ಕೈ ಸೇರುತ್ತದೆ, ಅಲ್ಲಿಂದ ಖಾಲಿಯಾದ ಬುಟ್ಟಿಯೊಳಗೆ.

ಅಂಥ ಸ್ವೆಟರನ್ನು ಎರಡು ಕಡ್ಡಿಯಲ್ಲಿ, ಮನೆಯ ಜಗಲಿಯಲ್ಲಿ ಕೂತು ಹೆಣೆಯುವ ವಿದ್ಯೆಯ ಪರಿಚಯ ಇಲ್ಲಿದೆ. ದಪ್ಪ ಸ್ವೆಟರ್ ಯಾರಾದರೂ ಹೆಣೆದಾರು. ಹಗುರವಾಗಿದ್ದೂ ಬೆಚ್ಚಗಿರುವ ಸ್ವೆಟರಿಗೆ ಪಳಗಿದ ಕೈ ಬೇಕು.

ಕೆರೆಯ ಮೇಲಿನ ಮಂಜು

ಈ ಇಬ್ಬನಿಯ ಸೀಮೆಯಲ್ಲೇ ಇದೆ ತಾಳಗುಂದ, ಶಿಕಾರಿಪುರ ತಾಲ್ಲೂಕಿನ ಹಳ್ಳಿ, ಶಿರಾಳಕೊಪ್ಪಕ್ಕೆ ಹತ್ತಿರ. ಇತಿಹಾಸ ಓದಿದವರಿಗೆ ಇದು ಕದಂಬರ ಊರು. ಪ್ರಣವೇಶ್ವರ ದೇವಾಲಯದ ಎದುರಿನ ಎಂಟು ಮುಖದ ಕಂಬದ ಮೇಲೆ ಕುಬ್ಜನೆಂಬ ಕವಿ 5ನೇ ಶತಮಾನದಲ್ಲಿ ಮಯೂರಶರ್ಮನ ವಂಶದ ಕಥೆಯನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದ. 2013ರ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ ಕ್ರಿ.ಶ. 370ರದೆಂದು ಗುರುತಿಸಿದ ಮೇಲೆ, ಕನ್ನಡದ ಅತಿ ಹಳೆಯ ಬರಹದ ಮಾತು ಬಂದಾಗಲೆಲ್ಲ ಈ ಊರಿನ ಹೆಸರೂ ಬರುತ್ತದೆ.

ಕುಬ್ಜನ ಶಾಸನ ಹೇಳುವ ಇನ್ನೊಂದು ಸಂಗತಿ ನಮ್ಮ ವಿಷಯಕ್ಕೆ ಹತ್ತಿರದ್ದು: ದೇವಾಲಯದ ಬಳಿ ಕದಂಬರ ದೊರೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ. ಪಡುವಣದ ಕಾಡು, ಮೂಡಣದ ಬಯಲು ಎರಡರ ನಡುವೆ ಇರುವ ಈ ಅರೆಮಲೆನಾಡಿನಲ್ಲಿ ಊರಿಗೊಂದು ಕೆರೆ, ಕೆರೆಯ ಕೆಳಗೆ ಗದ್ದೆ. ಆಶ್ವಯುಜ, ಕಾರ್ತಿಕದ ಮುಂಜಾನೆ ಮಂಜು ಮೊದಲು ಏಳುವುದು ಈ ನೀರಿನ ಮೇಲೆ. ಹಸ್ತದ ಮಳೆ ಮುಗಿದು ಚಿತ್ತೆ ಬಂದು, ಸ್ವಾತಿಯ ನಾಲ್ಕು ಹನಿ ಬೀಳುವಷ್ಟರಲ್ಲಿ ಹವೆ ಎರಡಾಗಿ ಒಡೆದಿರುತ್ತದೆ. ಬೆಳಗ್ಗೆ, ಸಂಜೆ ಚಳಿ. ನಡುಹಗಲು ಸುಡುವ ಬಿಸಿಲು. ಪುಷ್ಯದ ಚಳಿಗೆ ಬೇಕಾಗುವ ದಪ್ಪ ಉಡುಪು ಈ ಎರಡು ತಿಂಗಳಿಗೆ ಒಗ್ಗುವುದಿಲ್ಲ. ಶರದೃತುವಿಗೆ ಅದರದೇ ಉಡುಪು ಬೇಕು.

ಅದನ್ನು ಹೆಣೆಯುವುದಕ್ಕೂ ಒಂದು ಕಾಲವಿದೆ. ಕಾರ್ತಿಕ ಬಂತೆಂದರೆ ಅಡಿಕೆ ಕೊಯ್ಲು ಶುರು. ಸುಲಿಯುವ ಕೈಗೆ ಅಂಟಿದ ಚೊಗರು ಸುಲಭಕ್ಕೆ ಬಿಡದು. ತಿಳಿಬಣ್ಣದ ದಾರ ಮುಟ್ಟಿದರೆ ಕಲೆ ನಿಂತುಬಿಡುತ್ತದೆ. ಹಿಂದೆಯೇ ಭತ್ತದ ಕೊಯ್ಲು, ಒಕ್ಕಲು. ಆದ್ದರಿಂದ ಈ ಕಡೆಯ ಹೆಣಿಗೆಗೆ ಒಗ್ಗುವುದು ನಾಟಿ ಮುಗಿದ ಮೇಲಿನ ಶ್ರಾವಣ, ಭಾದ್ರಪದ. ಹೊರಗೆ ಮಳೆ ಹಿಡಿದು ಅಂಗಳಕ್ಕೆ ಇಳಿಯಲಾಗದ ದಿನಗಳಲ್ಲಿ ಏರಿಸಿದ ಕುಣಿಕೆ, ಇಬ್ಬನಿ ಬೀಳುವ ಹೊತ್ತಿಗೆ ಸ್ವೆಟರ್ ಆಗಿರುತ್ತದೆ.

ನೇಯುವುದು ಬೇರೆ, ಹೆಣೆಯುವುದು ಬೇರೆ

ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತಿದೆ. ನೇಯ್ಗೆಗೆ ಮಗ್ಗ ಬೇಕು, ಹಾಸು ಹೊಕ್ಕು ಎಂಬ ಎರಡು ಎಳೆ ಬೇಕು. ಹೆಣೆಯುವುದಕ್ಕೆ ಬೆರಳೇ ಮಗ್ಗ. ಜಡೆ ಹೆಣೆಯುತ್ತೇವೆ, ಚಾಪೆ ಹೆಣೆಯುತ್ತೇವೆ, ಬುಟ್ಟಿ ಹೆಣೆಯುತ್ತೇವೆ. ಉಣ್ಣೆಯ ದಾರ ಮತ್ತು ಕಡ್ಡಿ ದೂರದಿಂದ ಬಂದಾಗ ನಮ್ಮ ಮನೆಯ ಹೆಂಗಸರು ಹೊಸ ಪದಕ್ಕಾಗಿ ಹುಡುಕಲಿಲ್ಲ. ಬುಟ್ಟಿಗೆ, ಜಡೆಗೆ ಇದ್ದ ಮಾತನ್ನೇ ಸ್ವೆಟರಿಗೂ ಕೊಟ್ಟರು.

ಸ್ವೆಟರಿನಲ್ಲಿ ಇರುವುದು ಒಂದೇ ಎಳೆ. ಎಡಗೈ ಕಡ್ಡಿಯ ಮೇಲಿನ ಕುಣಿಕೆಯೊಳಕ್ಕೆ ಬಲಗೈ ಕಡ್ಡಿಯನ್ನು ತೂರಿಸಿ, ದಾರವನ್ನು ಒಂದು ಸುತ್ತು ಸುತ್ತಿ, ಹೊಸ ಕುಣಿಕೆಯನ್ನು ಹಳೆಯದರ ಒಳಗಿಂದ ಎಳೆದುಕೊಂಡು ಹಳೆಯದನ್ನು ಜಾರಿಸಿದರೆ ಒಂದು ಹೆಣಿಗೆಯಾಯಿತು. ದಾರ ಕಡ್ಡಿಯ ಹಿಂದಿದ್ದರೆ ಸೀದಾ, ಮುಂದಿದ್ದರೆ ಉಲ್ಟಾ. ಪುಸ್ತಕಗಳಲ್ಲಿ ಇವೇ ನಿಟ್ ಮತ್ತು ಪರ್ಲ್. ಎಂಥ ಸಂಕೀರ್ಣ ವಿನ್ಯಾಸವಾದರೂ ಈ ಎರಡರ ಒಳಗೇ ಇರುತ್ತದೆ. ನಾವು ದಿನವೂ ತೊಡುವ ಬನಿಯನ್ನು, ಟೀ ಶರ್ಟು, ಕಾಲುಚೀಲಗಳ ಬಟ್ಟೆಯೂ ಇದೇ ಕುಣಿಕೆಯದು. ತಿರುಪ್ಪೂರಿನ ಯಂತ್ರಗಳು ಹತ್ತಿಯ ಸಣ್ಣ ನೂಲಿನಲ್ಲಿ ಮಾಡುವುದನ್ನೇ ಮನೆಯಲ್ಲಿ ಎರಡು ಕಡ್ಡಿ ಮಾಡುತ್ತವೆ.

ಕಂಬಳಿಯ ನಾಡಿಗೆ ಕಡ್ಡಿ ಬಂದ ಬಗೆ

ಉಣ್ಣೆ ನಮಗೆ ಹೊಸದಲ್ಲ. ಚಳ್ಳಕೆರೆ, ಚಿತ್ರದುರ್ಗದ ಕಡೆಯ ಕುರುಬ ಸಮುದಾಯದವರು ಡೆಕ್ಕನಿ ಕುರಿಯ ಕರಿ ಉಣ್ಣೆಯನ್ನು ನೂತು, ಹುಣಸೆ ಬೀಜದ ಗಂಜಿ ಹಾಕಿ, ಕಂಬಳಿ ನೇಯುತ್ತ ಬಂದಿದ್ದಾರೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಮಲೆನಾಡಿನ ಮಳೆಯಲ್ಲಿ ಗದ್ದೆಗೆ ಇಳಿಯುವವರ ತಲೆಯ ಮೇಲೆ ಕಂಬಳಿ ಕೊಪ್ಪೆ ಇರುತ್ತಿತ್ತು. ನೆನೆದರೂ ಅದು ಮೈ ಬೆಚ್ಚಗಿಡುತ್ತಿತ್ತು. ಆದರೆ ಆ ಉಣ್ಣೆಯ ಎಳೆ ಒರಟು, ಸಾಮಾನ್ಯವಾಗಿ 30 ಮೈಕ್ರಾನಿಗಿಂತ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬರಿಮೈಗೆ ತಗಲಿದರೆ ಚುಚ್ಚುತ್ತದೆ. ತೆಳು ಸ್ವೆಟರಿಗೆ ಒಗ್ಗುವುದು ಮೆರಿನೊದಂಥ ಕುರಿಯ ಉಣ್ಣೆ. ಅದರ ಎಳೆ 24 ಮೈಕ್ರಾನಿಗಿಂತ ಸಣ್ಣ.

ಕಡ್ಡಿ ಹೆಣಿಗೆಯ ಅತಿ ಹಳೆಯ ತುಣುಕುಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ, ಸುಮಾರು ಸಾವಿರ ವರ್ಷದ ಹಿಂದಿನವು. ನಮ್ಮ ದೇಶಕ್ಕೆ ಈ ವಿದ್ಯೆ ಹರಡಿದ್ದು 19ನೇ ಶತಮಾನದಲ್ಲಿ, ಹೆಚ್ಚಾಗಿ ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳಿಂದ. ಹೊಲಿಗೆ, ಕಸೂತಿಯ ಜೊತೆ ಹೆಣಿಗೆಯೂ ಪಾಠವಾಗಿತ್ತು. ಶಾಲೆಯಿಂದ ಮನೆಗೆ, ಮನೆಯಿಂದ ಪಟ್ಟಣದ ಮಹಿಳಾ ಸಮಾಜಗಳಿಗೆ ಬಂತು. 1962ರ ಯುದ್ಧದ ಹೊತ್ತಿನಲ್ಲಿ ದೇಶದ ಉದ್ದಗಲಕ್ಕೂ ಹೆಂಗಸರು ಗಡಿಯ ಯೋಧರಿಗಾಗಿ ಸ್ವೆಟರ್ ಹೆಣೆದರು. ಕಾಣದ ಮೈಯೊಂದನ್ನು ಬೆಚ್ಚಗಿಡಲು ಅಷ್ಟೊಂದು ಕಡ್ಡಿಗಳು ಒಟ್ಟಿಗೆ ಆಡಿದ ಹೊತ್ತು ಅದು.

ಅದೇ ದಶಕದಲ್ಲಿ ಕರ್ನಾಟಕಕ್ಕೆ ಇನ್ನೊಂದು ಹೆಣಿಗೆ ಬಂತು. ಟಿಬೆಟ್ ತೊರೆದು ಬಂದವರಿಗೆ ರಾಜ್ಯ ಸರ್ಕಾರ ಬೈಲುಕುಪ್ಪೆಯಲ್ಲಿ ನೆಲ ಕೊಟ್ಟಿತು. 1966ರಲ್ಲಿ ಮುಂಡಗೋಡದಲ್ಲೂ ನೆಲೆ ಶುರುವಾಯಿತು. ಸೊರಬದ ಬಡಗಣಕ್ಕೆ ಬನವಾಸಿ ದಾಟಿದರೆ ಮುಂಡಗೋಡ ದೂರವಲ್ಲ. ಬಿಸಿಲ ನಾಡಿಗೆ ಬಂದ ಹಿಮದ ನಾಡಿನವರಿಗೆ ಕೈಯಲ್ಲಿದ್ದ ಬಂಡವಾಳವೆಂದರೆ ಉಣ್ಣೆಯ ಕೆಲಸ. ಮೊದಲ ವರ್ಷಗಳಲ್ಲಿ ಟಿಬೆಟನ್ ನಿರಾಶ್ರಿತರು ತಾವೇ ಕೈಯಲ್ಲಿ ಸ್ವೆಟರ್ ಹೆಣೆದು ಬೀದಿ ಬದಿಯಲ್ಲಿ ಮಾರಿದರು. ಬೇಡಿಕೆ ಬೆಳೆದ ಮೇಲೆ ಲುಧಿಯಾನದ ಯಂತ್ರದ ಸರಕು ತಂದರು. ಇಂದಿಗೂ ದೀಪಾವಳಿಯ ಆಸುಪಾಸು ನಮ್ಮ ಪಟ್ಟಣಗಳಲ್ಲಿ ಅವರ ಸ್ವೆಟರ್ ಅಂಗಡಿಗಳು ಏಳುತ್ತವೆ. ಚಳಿಗಾಲ ಬಂತೆಂದು ಜನರಿಗೆ ತಿಳಿಯುವುದೇ ಆ ಸಾಲು ಕಂಡಾಗ.

ಬೆಚ್ಚನೆ ಇರುವುದು ಬಯಲಿನಲ್ಲಿ

ನನಗೆ ಕಡ್ಡಿ ಹಿಡಿಸಿದವರು ನಮ್ಮ ಚಿಕ್ಕಮ್ಮ. ಹೊಸದಾಗಿ ಕಲಿಯುವವರು ಕುಣಿಕೆ ಜಾರೀತೆಂಬ ಭಯಕ್ಕೆ ದಾರವನ್ನು ಬಿಗಿಯಾಗಿ ಎಳೆಯುತ್ತಾರೆ. ನಾನೂ ಎಳೆದೆ. ನಾಲ್ಕು ಸಾಲಿನಲ್ಲಿ ತುಂಡು ಹಲಗೆಯಂತೆ ಸೆಟೆದು ನಿಂತಿತು. ಚಿಕ್ಕಮ್ಮ ಅದನ್ನು ಸರ್ರನೆ ಬಿಚ್ಚಿ ದಾರವನ್ನು ಮತ್ತೆ ನನ್ನ ಕೈಗಿಟ್ಟು, "ಬಿಗಿ ಹಿಡೀಬೇಡ ಕೂಸೇ, ದಾರ ಉಸಿರಾಡ್ಲಿ" ಅಂದರು. ಅದು ಅಕ್ಷರಶಃ ನಿಜವೆಂದು ತಿಳಿದದ್ದು ವರ್ಷಗಳ ಮೇಲೆ.

ಸ್ವೆಟರಿನಲ್ಲಿ ನಮ್ಮನ್ನು ಬೆಚ್ಚಗಿಡುವುದು ಮುಖ್ಯವಾಗಿ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಉಣ್ಣೆಯ ಎಳೆ ಹುಟ್ಟಿನಿಂದಲೇ ಗುಂಗುರು. ಎಳೆಗಳು ಒಂದಕ್ಕೊಂದು ಪೂರ್ತಿ ಒತ್ತಿಕೊಳ್ಳದೆ ನಡುವೆ ಲೆಕ್ಕವಿಲ್ಲದಷ್ಟು ಸಣ್ಣ ಬಯಲುಗಳನ್ನು ಉಳಿಸಿಕೊಳ್ಳುತ್ತವೆ. ಕುಣಿಕೆಯ ಹೆಣಿಗೆ ಅಂಥವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೈಯ ಕಾವು ಆ ಬಯಲಿನಲ್ಲಿ ನಿಲ್ಲುತ್ತದೆ. ಬಿಗಿಯಾಗಿ ಎಳೆದ ದಾರದಲ್ಲಿ ಗಾಳಿಗೆ ಜಾಗವಿಲ್ಲ, ತೂಕ ಮಾತ್ರ ಉಳಿಯುತ್ತದೆ. ತಾಳಗುಂದದ ಪಕ್ಕದ ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಬಯಲೆಂಬ ಮಾತಿಗೆ ಅಷ್ಟು ದೊಡ್ಡ ಅರ್ಥ ಕೊಟ್ಟವನ ನೆಲದಲ್ಲಿ, ಸ್ವೆಟರಿನ ಬೆಚ್ಚನೆಯೂ ಬಯಲಿನಲ್ಲೇ ಇದೆಯೆಂದು ತಿಳಿದಾಗ ನನಗೆ ಕೈಕೆಲಸದ ಮೇಲಿನ ಗೌರವ ಇಮ್ಮಡಿಯಾಯಿತು.

ಉಣ್ಣೆಗೆ ಇನ್ನೊಂದು ಗುಣವಿದೆ. ತನ್ನ ತೂಕದ ಶೇಕಡಾ 30ರಷ್ಟು ತೇವ ಹೀರಿದರೂ ಮೈಗೆ ಹಸಿ ಅನ್ನಿಸುವುದಿಲ್ಲ. ಇಬ್ಬನಿಯ ನಾಡಿಗೆ ಇದಕ್ಕಿಂತ ಒಪ್ಪುವ ಗುಣ ಯಾವುದು? ಗಾಳಿ ಬೀಸಿದರೆ ಮಾತ್ರ ಹಗುರ ಹೆಣಿಗೆಯ ಒಳಗಿನ ಬೆಚ್ಚನೆ ಹಾರಿಹೋಗುತ್ತದೆ. ಮುಂಜಾನೆ ಬೈಕಿನಲ್ಲಿ ಶಿರಾಳಕೊಪ್ಪದ ಸಂತೆಗೆ ಹೊರಟವರು ಸ್ವೆಟರಿನ ಮೇಲೊಂದು ತೆಳು ಅಂಗಿ ಹಾಕಿಕೊಂಡರೆ ಸಾಕು, ದಪ್ಪ ಜಾಕೆಟ್ಟಿನ ಕೆಲಸವಾಗುತ್ತದೆ.

ಮೂವತ್ತೆರಡು ಸಾವಿರ ಕುಣಿಕೆ

ಹೆಣಿಗೆ ಅಂದಾಜಿನ ಕೆಲಸವೆಂದು ತಿಳಿದವರು ಒಮ್ಮೆ ಹೆಣೆಯುವವರ ಪಕ್ಕ ಕೂರಬೇಕು. ಅವರ ತುಟಿ ಸದ್ದಿಲ್ಲದೆ ಎಣಿಸುತ್ತಿರುತ್ತದೆ.

ನಾಲ್ಕು ವರ್ಷದ ಮಗುವಿನ ಸ್ವೆಟರನ್ನೇ ತೆಗೆದುಕೊಳ್ಳೋಣ. ಮಗುವಿನ ಎದೆಯ ಸುತ್ತಳತೆ ಸುಮಾರು 56 ಸೆಂ.ಮೀ. ಒಳಗೆ ಅಂಗಿಗೆ ಜಾಗ ಬಿಟ್ಟು ಸ್ವೆಟರಿನ ಸುತ್ತಳತೆ 60 ಎಂದಿಟ್ಟುಕೊಂಡರೆ ಬೆನ್ನಿನ ಅಗಲ 30. ಹಗುರ ಸ್ವೆಟರಿಗೆ 4 ಪ್ಲೈ ದಾರ, 10 ನಂಬರಿನ ಕಡ್ಡಿ ಸರಿಯಾದ ಜೋಡಿ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಕ್ರಮದಲ್ಲಿ ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ: 8 ಎಂದರೆ 4 ಮಿ.ಮೀ., 10 ಎಂದರೆ 3.25, 12 ಎಂದರೆ 2.75. ಹತ್ತು ನಂಬರಿನ ಕಡ್ಡಿಯಲ್ಲಿ ಹದವಾದ ಕೈ ಹೆಣೆದರೆ 10 ಸೆಂ.ಮೀ. ಚೌಕದಲ್ಲಿ 28 ಕುಣಿಕೆ, 36 ಸಾಲು ಕೂರುತ್ತವೆ. ಅಂದರೆ ಬೆನ್ನಿಗೆ 84 ಕುಣಿಕೆ ಏರಿಸಬೇಕು. ಉದ್ದ 36 ಸೆಂ.ಮೀ. ಆದರೆ 130 ಸಾಲು. ಬೆನ್ನೊಂದಕ್ಕೇ ಸುಮಾರು 11,000 ಕುಣಿಕೆ. ಎದೆಯ ಭಾಗ, ಎರಡು ತೋಳು ಸೇರಿ 32,000ದ ಹತ್ತಿರ. ನಿಮಿಷಕ್ಕೆ 20 ಕುಣಿಕೆ ಹಾಕುವ ಕೈಗೆ 27 ಗಂಟೆಯ ಕೆಲಸ. ಇಷ್ಟಾದರೂ ಸ್ವೆಟರಿನ ತೂಕ 150 ಗ್ರಾಂ ದಾಟುವುದಿಲ್ಲ.

ಈ ಲೆಕ್ಕ ಹದ ತಪ್ಪಿದರೆ ಏನಾಗುತ್ತದೆ ನೋಡಿ. ಕೈ ಸ್ವಲ್ಪ ಸಡಿಲವಾಗಿ 10 ಸೆಂ.ಮೀ.ಗೆ 28ರ ಬದಲು 26 ಕುಣಿಕೆ ಕೂತರೆ, ಅದೇ 84 ಕುಣಿಕೆಯ ಬೆನ್ನು 32 ಸೆಂ.ಮೀ. ದಾಟುತ್ತದೆ, ಸುತ್ತಳತೆಯಲ್ಲಿ ನಾಲ್ಕೂವರೆ ಸೆಂ.ಮೀ. ಹೆಚ್ಚು. ಅದಕ್ಕೇ ಬಲ್ಲವರು ಮೊದಲು ಅಂಗೈಯಗಲದ ಮಾದರಿ ತುಂಡು ಹೆಣೆದು, ತೊಳೆದು ಒಣಗಿಸಿ, ಅಳೆದು ನೋಡುತ್ತಾರೆ. ಅರ್ಧ ದಿನದ ಆ ಕೆಲಸ ಹದಿನೈದು ದಿನದ ಶ್ರಮ ಕಾಯುತ್ತದೆ.

ಸೊಂಟದ ಅಂಚು, ಮುಂಗೈ, ಕೊರಳಿಗೆ ಒಂದು ಸೀದಾ, ಒಂದು ಉಲ್ಟಾ ಹಾಕುತ್ತ 12 ನಂಬರಿನ ಕಡ್ಡಿಯಲ್ಲಿ ಪಟ್ಟಿ ಹೆಣೆಯುತ್ತಾರೆ. ಆ ಪಟ್ಟಿ ರಬ್ಬರಿನಂತೆ ಹಿಗ್ಗಿ ಕುಗ್ಗಿ ಮೈ ಹಿಡಿಯುತ್ತದೆ. ಹಗಲಿಗೊಮ್ಮೆ ಕಳಚಬೇಕಾದ ಶರದೃತುವಿನ ಸ್ವೆಟರ್ ಮುಂದೆ ಗುಂಡಿಯಿರುವಂತಿದ್ದರೆ ಒಳ್ಳೆಯದು. ತಲೆಯಿಂದ ಎಳೆದು ತೆಗೆಯುವಾಗ ಅಳುವ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬುಟ್ಟಿಯ ಚಿತ್ತಾರ ಸ್ವೆಟರಿಗೆ

ಭೂಮಣ್ಣಿ ಬುಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದ ಹೆಣಿಗೆಯವರಿಗೆ ಕೂಡಲೇ ಒಂದು ಆಸೆ ಹುಟ್ಟುತ್ತದೆ. ಸಾಗರ, ಸೊರಬದ ದೀವರ ಸಮುದಾಯದ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಬರೆಯುವ ಚಿತ್ತಾರವೆಲ್ಲ ಅಡ್ಡಗೆರೆ, ಓರೆಗೆರೆ, ಚೌಕಗಳ ಲೆಕ್ಕ. ಹೆಣಿಗೆಯೂ ಅದೇ ಲೆಕ್ಕ. ಚೌಕಳಿ ಕಾಗದದ ಒಂದು ಮನೆಗೆ ಒಂದು ಕುಣಿಕೆ ಎಂದು ಗುರುತು ಹಾಕಿಕೊಂಡರೆ ಬುಟ್ಟಿಯ ಓರೆಗೆರೆ ಸ್ವೆಟರಿಗೆ ಇಳಿಯುತ್ತದೆ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳುಪು ಎರಡೇ ಬಣ್ಣದ ಸ್ವೆಟರ್ ಈ ಸೀಮೆಯ ಗುರುತಾಗಬಲ್ಲದು.

ಇಲ್ಲೊಂದು ಎಚ್ಚರ ಬೇಕು. ಎರಡು ಬಣ್ಣದ ದಾರವನ್ನು ಒಟ್ಟಿಗೆ ಹೆಣೆದರೆ ಒಂದು ಬಣ್ಣ ಮುಂದೆ ಕಾಣುವಾಗ ಇನ್ನೊಂದು ಹಿಂದೆ ತೇಲುತ್ತ ಸಾಗುತ್ತದೆ. ಬಟ್ಟೆ ಎರಡರಷ್ಟು ದಪ್ಪವಾಗುತ್ತದೆ, ಹಗುರತನ ಹೋಗುತ್ತದೆ. ಹೀಗಾಗಿ ಬಣ್ಣದ ಚಿತ್ತಾರವನ್ನು ಸೊಂಟದ ಮೇಲೆ ನಾಲ್ಕು ಬೆರಳಗಲಕ್ಕೆ ನಿಲ್ಲಿಸಬೇಕು. ಉಳಿದ ಮೈಗೆ ಸೀದಾ ಹೆಣಿಗೆಯ ನಡುವೆ ಉಲ್ಟಾ ಕುಣಿಕೆಗಳನ್ನು ಇಟ್ಟು ಅದೇ ಗೆರೆಗಳನ್ನು ಮೂಡಿಸಬಹುದು. ಉಬ್ಬು ತಗ್ಗಿನ ಆ ಚಿತ್ತಾರಕ್ಕೆ ಎರಡನೆಯ ದಾರವೇ ಬೇಡ. ಇಳಿಬಿಸಿಲು ಓರೆಯಾಗಿ ಬಿದ್ದಾಗ ಅದು ತಾನಾಗಿ ಕಾಣುತ್ತದೆ.

ದಾರ ಕೊಳ್ಳುವಾಗ, ಸ್ವೆಟರ್ ಕಾಯುವಾಗ

ಸಣ್ಣ ಪಟ್ಟಣದ ಅಂಗಡಿಯಲ್ಲಿ ಉಲ್ಲನ್ ಎಂದು ಕೇಳಿದರೆ ಹೆಚ್ಚಾಗಿ ಸಿಗುವುದು ಲುಧಿಯಾನದ ಅಕ್ರಿಲಿಕ್ ದಾರ. ಅದು ಮೆತ್ತಗಿರುತ್ತದೆ, ಬೆಲೆ ಕಡಿಮೆ, ತೊಳೆಯುವುದು ಸುಲಭ. ಕಲಿಯುವವರಿಗೆ ಒಳ್ಳೆಯದೇ. ಆದರೆ ಮಲೆನಾಡಿನ ಮಕ್ಕಳು ಬೆಳಗ್ಗೆ ಎದ್ದವರೇ ಬಚ್ಚಲ ಒಲೆಯ ಮುಂದೆ ಚಳಿ ಕಾಯಿಸಲು ಕೂರುತ್ತಾರೆ. ಅಕ್ರಿಲಿಕ್ ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳದು, ಕಿಡಿ ಬಿದ್ದರೂ ಕರಟಿ ನಂದುತ್ತದೆ. ಮಗುವಿನ ಸ್ವೆಟರಿಗೆ ಶುದ್ಧ ಉಣ್ಣೆ ಹೊಂದಿಸಲಾದರೆ ಹೊಂದಿಸಿ. ಆಗದಿದ್ದರೆ ಒಲೆಯ ಮುಂದೆ ಕೂರುವ ಮುನ್ನ ಸ್ವೆಟರ್ ತೆಗೆಸಿ. ಒಂದು ಸ್ವೆಟರಿಗೆ ಬೇಕಾದಷ್ಟು ದಾರವನ್ನು ಒಂದೇ ಬಾರಿ, ಚೀಟಿಯ ಮೇಲಿನ ಬಣ್ಣದ ನಂಬರ್ ನೋಡಿ ಕೊಳ್ಳಬೇಕು. ಮುಂದಿನ ಬಣ್ಣದ ಬಾನಿಯಲ್ಲಿ ಅದೇ ಛಾಯೆ ಮರಳಿ ಬರುವುದಿಲ್ಲ.

ಉಣ್ಣೆಯ ಸ್ವೆಟರನ್ನು ತಣ್ಣೀರಿನಲ್ಲಿ, ಮೃದು ಸೋಪಿನಲ್ಲಿ ಅದ್ದಿ, ಹಿಂಡದೆ ಬಟ್ಟೆಯಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಹಗ್ಗದ ಮೇಲೆ ನೇತು ಹಾಕಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿಗೆ ಇಳಿಯುತ್ತದೆ. ಚಾಪೆಯ ಮೇಲೆ ನೆರಳಲ್ಲಿ ಮಟ್ಟಸವಾಗಿ ಹರಡಿ. ಮಳೆಗಾಲಕ್ಕೆ ಮೊದಲು ಬಿಸಿಲಿಗೆ ಕಾಣಿಸಿ, ಒಣಗಿದ ಬೇವಿನ ಸೊಪ್ಪು, ಲಾವಂಚದ ಬೇರಿನ ಜೊತೆ ಟ್ರಂಕಿನಲ್ಲಿಟ್ಟರೆ ಹುಳುವಿನ ಕಾಟ ಕಡಿಮೆ.

ಕೈಗೆ ಸಲ್ಲಬೇಕಾದ ಬೆಲೆ

ಇಪ್ಪತ್ತೇಳು ಗಂಟೆಯ ಕೆಲಸಕ್ಕೆ ಕೂಲಿ ಕಟ್ಟಿದರೆ ಯಂತ್ರದ ಸ್ವೆಟರಿನ ಬೆಲೆಗೆ ಅದು ಎಂದೂ ಸರಿದೂಗದು. ಈ ಕಾರಣಕ್ಕೇ ಕೈ ಹೆಣಿಗೆ ಹೆಚ್ಚಾಗಿ ಮನೆಯವರಿಗಾಗಿ, ಬಂಧುಗಳಿಗಾಗಿ ಉಳಿದಿದೆ. ಬಸುರಿಯಿರುವ ಮನೆಯಲ್ಲಿ ಮೊದಲು ಕಡ್ಡಿ ಏರುವುದು ಕುಲಾವಿಗೆ, ಆಮೇಲೆ ಅಂಗೈಯಷ್ಟು ಕಾಲುಚೀಲಕ್ಕೆ, ಆಮೇಲೆ ಸ್ವೆಟರಿಗೆ. ಆದರೆ ಇದು ಹೊಟ್ಟೆಪಾಡಿನ ಕೆಲಸವೂ ಆಗಬಲ್ಲದು. ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಯಲ್ಲಿ ಅದನ್ನು ತೋರಿಸಿದೆ. ಸೀರೆಗೆ ಕಲೆಯಾಗುವ ಅಡಿಕೆ ಚೊಗರನ್ನೇ ಅಲ್ಲಿನ ಹೆಂಗಸರು ಬಟ್ಟೆಯ ಬಣ್ಣ ಮಾಡಿದರು. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಒಂದು ಸೂರು, ಒಂದು ಹೆಸರು, ನ್ಯಾಯವಾದ ಬೆಲೆ ಸಿಕ್ಕಿದರೆ ಏನಾಗಬಹುದೆಂದು ಕಾಣಲು ಇಲ್ಲಿಂದ ದೂರ ಹೋಗಬೇಕಿಲ್ಲ. ಮಳೆಗಾಲದ ಎರಡು ತಿಂಗಳ ಹೆಣಿಗೆಗೂ ಅಂಥ ಸೂರು ಬೇಕು. ಕೊಳ್ಳುವವರು ತಕ್ಕಡಿಯಲ್ಲಿ 150 ಗ್ರಾಂ ತೂಗುವಾಗ ಒಳಗಿನ 32,000 ಕುಣಿಕೆಯನ್ನೂ ಎಣಿಸಿಕೊಳ್ಳಬೇಕು.

ಕತ್ತರಿ ಹಾಕಿದ ಬಟ್ಟೆ ಮರಳಿ ಥಾನಾಗುವುದಿಲ್ಲ. ಹೆಣಿಗೆ ಮಾತ್ರ ಮರಳಿ ದಾರವಾಗುತ್ತದೆ. ಮಗು ಬೆಳೆದು ಸ್ವೆಟರ್ ಗಿಡ್ಡವಾದರೆ ಕೊರಳಿನ ಕೊನೆಯ ಗಂಟು ಬಿಡಿಸಿ ಎಳೆಯಬೇಕು. ಸಾಲಿಗೆ ಸಾಲು ಬಿಚ್ಚಿಕೊಂಡು ಬರುತ್ತದೆ. ಗುಂಗುರುಗಟ್ಟಿದ ದಾರವನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಭಾರ ಕಟ್ಟಿ ಒಣಗಿಸಿದರೆ ಮತ್ತೆ ನೆಟ್ಟಗಾಗುತ್ತದೆ.

ಚಿಕ್ಕಮ್ಮ ನನಗೆ ಹೆಣೆದ ತಿಳಿಹಸಿರು ಸ್ವೆಟರ್ ನಾಲ್ಕು ಭೂಮಿ ಹುಣ್ಣಿಮೆ ಕಂಡಿತು. ಐದನೆಯದಕ್ಕೆ ಬಿಚ್ಚಿಕೊಂಡು, ಬಿಳಿಯ ಹೊಸ ದಾರದ ಜೊತೆ ಸೇರಿ ತಮ್ಮನ ಪಟ್ಟೆ ಸ್ವೆಟರಾಯಿತು. ಕಳೆದ ಮಳೆಗಾಲದಲ್ಲಿ ಟ್ರಂಕಿನಿಂದ ಅದನ್ನು ತೆಗೆದು ನಾನೇ ಬಿಚ್ಚಿದೆ. ದಾರ ಅಲ್ಲಲ್ಲಿ ಸವೆದಿತ್ತು, ಗಟ್ಟಿಯಾಗಿ ಉಳಿದದ್ದು ಒಂದು ಹಿಡಿಯಷ್ಟು. ಕುಲಾವಿಯೊಂದರ ಅಂಚಿಗೆ ಸರಿಯಾಗಿ ಸಾಕಾಯಿತು. ಈ ಸಲದ ಹುಣ್ಣಿಮೆಯ ನಸುಕಿನಲ್ಲಿ ತಮ್ಮನ ಮಗಳು ಆ ಕುಲಾವಿ ತೊಟ್ಟು, ಅವಳ ಅಜ್ಜಿಯ ಸೊಂಟದ ಮೇಲೆ ಕೂತು, ಗದ್ದೆಯ ಬದುವಿನಲ್ಲಿ ಮೊದಲ ಬಾರಿಗೆ ಇಬ್ಬನಿ ನೋಡಿದಳು.